ಪೆಟ್ಟಿಗೆಯ ಮೇಲೆ ಧ್ವಜ ಯಾಕೆ ಇರಬಾರದಾಗಿತ್ತು? ಮೇಬಲ್ ರಾಲಿನ್‌ಸನ್ ಸಾವು ಮತ್ತು ಆಮೇಲಿನ 73 ವರ್ಷ

1943ರ ಆಗಸ್ಟ್ 23ರ ರಾತ್ರಿ. ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ಕ್ಯಾಂಪ್ ಡೇವಿಸ್ ಎಂಬ ಸೇನಾ ನೆಲೆಯಲ್ಲಿ ಮಹಿಳಾ ಪೈಲಟ್‌ಗಳಿಗೆ ಕತ್ತಲಲ್ಲಿ ವಿಮಾನ ಹಾರಿಸುವ ತರಬೇತಿ ನಡೆದಿತ್ತು. ಮೊದಲು ಹಾರಬೇಕಿದ್ದವರಿಗೆ ಇನ್ನೂ ಊಟ ಆಗಿರಲಿಲ್ಲ. ನೀನು ಊಟ ಮಾಡು, ನಾನು ಮೊದಲು ಹೋಗಿಬರುತ್ತೇನೆ ಎಂದು ಗೆಳತಿ ಮೇಬಲ್ ರಾಲಿನ್‌ಸನ್ ಸರದಿ ಬದಲಿಸಿಕೊಂಡರು.

ಊಟದ ಹಾಲ್‌ನಲ್ಲಿ ಕೂತಿದ್ದವರಿಗೆ ಸೈರನ್ ಕೇಳಿಸಿತು. ವಿಮಾನ ಬಿದ್ದಿದೆ ಅಂತ ಅದರ ಅರ್ಥ. ಎಲ್ಲರೂ ಎದ್ದು ಮೈದಾನದ ಕಡೆ ಓಡಿದರು. ವಿಮಾನದ ಮುಂಭಾಗ ಧಗಧಗ ಉರಿಯುತ್ತಿತ್ತು. ಒಳಗಿಂದ ಮೇಬಲ್ ಚೀರುವುದು ಕೇಳುತ್ತಿತ್ತು ಎಂದು, ಊಟಕ್ಕೆಂದು ಹಿಂದೆ ಉಳಿದ ಆ ಗೆಳತಿಯೇ ಮುಂದೆ ಬರೆದಿಟ್ಟಿದ್ದಾರೆ. ಹಿಂದಿನ ಸೀಟಿನಲ್ಲಿದ್ದ ತರಬೇತುದಾರ ಹೊಡೆತಕ್ಕೆ ಹೊರಗೆ ಹೋಗಿ ಬಿದ್ದರು. ತುಂಬಾ ಗಾಯವಾಯಿತು, ಆದರೆ ಜೀವ ಉಳಿಯಿತು. ಮೇಬಲ್ ತಲೆಯ ಮೇಲಿದ್ದ ಗಾಜಿನ ಮುಚ್ಚಳದ ಚಿಲಕ ಕೈಕೊಟ್ಟಿತು, ಅದಕ್ಕೇ ಅವರಿಗೆ ಹೊರಗೆ ಬರಲಾಗಲಿಲ್ಲ ಎಂದು ನಂಬಲಾಗಿದೆ. ಅವರಿಗೆ 26 ವರ್ಷ.

ಬೆಳಗಾದ ಮೇಲೆ ಇನ್ನೊಂದು ಸಂಕಟ ಎದುರಾಯಿತು. ಮೇಬಲ್ ಅವರ ಊರು ಮಿಷಿಗನ್ ರಾಜ್ಯದ ಕಲಾಮಝೂ. ಅಲ್ಲಿಗೆ ಶವ ಕಳಿಸುವ ಖರ್ಚು ಸೇನೆಯ ಜವಾಬ್ದಾರಿ ಆಗಿರಲಿಲ್ಲ. ಅಂತ್ಯಕ್ರಿಯೆಯ ಖರ್ಚೂ ಅಷ್ಟೆ. ಜೊತೆಯ ಪೈಲಟ್‌ಗಳು ತಮ್ಮತಮ್ಮ ಸಂಬಳದಿಂದ ದುಡ್ಡು ಹಾಕಿದರು. ರೈಲಿನಲ್ಲಿ ಪೆಟ್ಟಿಗೆ ಕಳಿಸಿದರು. ಇಬ್ಬರು ಗೆಳತಿಯರು ಅದರ ಜೊತೆಗೇ ಹೋದರು. ಇಷ್ಟಕ್ಕೂ ಮುಗಿಯಲಿಲ್ಲ. ಪೆಟ್ಟಿಗೆಯ ಮೇಲೆ ದೇಶದ ಧ್ವಜ ಹೊದಿಸುವಂತಿರಲಿಲ್ಲ. ಯಾಕೆಂದರೆ ಕಾಗದದ ಪ್ರಕಾರ ಮೇಬಲ್ ಸೇನೆಯವರಲ್ಲ.

ಸೇನೆಯ ವಿಮಾನ, ಸೇನೆಯ ನೆಲೆ, ಸೇನೆಯ ಆದೇಶ, ಸೇನೆಯ ತರಬೇತುದಾರ. ಸತ್ತವರು ಮಾತ್ರ ಸೇನೆಯವರಲ್ಲ. ಇದು ಹೇಗೆ ಸಾಧ್ಯ? ಅದನ್ನೇ ಇಲ್ಲಿ ಬಿಡಿಸಿ ಹೇಳಲು ಹೊರಟಿದ್ದೇನೆ.

ಕಣಜದ ಹೆಸರಿನ ಪಡೆ

ಮೇಬಲ್ ಇದ್ದ ಪಡೆಯ ಹೆಸರು ವಾಸ್ಪ್. ಉದ್ದ ಹೆಸರಿನ ಮೊದಲಕ್ಷರ ಕೂಡಿಸಿ ಮಾಡಿದ್ದು. ಅರ್ಥ, ವಾಯುಪಡೆಯ ಸೇವೆಯಲ್ಲಿರುವ ಮಹಿಳಾ ಪೈಲಟ್‌ಗಳು. ಇಂಗ್ಲಿಷಿನಲ್ಲಿ ವಾಸ್ಪ್ ಎಂದರೆ ಕಣಜದ ಹುಳ ಕೂಡ ಹೌದು.

1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಮೇಲೆ ಅಮೆರಿಕ ಯುದ್ಧಕ್ಕಿಳಿಯಿತು. ಕಾರ್ಖಾನೆಗಳು ಹಗಲೂ ರಾತ್ರಿ ವಿಮಾನ ಮಾಡತೊಡಗಿದವು. ಆದರೆ ಅವನ್ನು ಕಾರ್ಖಾನೆಯಿಂದ ನೆಲೆಗೆ, ಬಂದರಿಗೆ ಸಾಗಿಸಲು ಪೈಲಟ್‌ಗಳು ಸಾಲದೆ ಹೋದರು. ಗಂಡಸರನ್ನೆಲ್ಲ ಯುದ್ಧರಂಗಕ್ಕೆ ಕಳಿಸುತ್ತಿದ್ದರು. ಆಗ ವಿಮಾನ ಹಾರಿಸಲು ಮೊದಲೇ ಕಲಿತಿದ್ದ ಹೆಣ್ಣುಮಕ್ಕಳ ಕಡೆ ಸೇನೆ ತಿರುಗಿ ನೋಡಿತು. 1942ರ ಸೆಪ್ಟೆಂಬರ್‌ನಲ್ಲಿ ನ್ಯಾನ್ಸಿ ಲವ್ ಅವರ ಮುಂದಾಳತ್ವದಲ್ಲಿ ಒಂದು ಸಣ್ಣ ಗುಂಪು ವಿಮಾನ ಸಾಗಣೆ ಶುರು ಮಾಡಿತು. ಇನ್ನೊಂದು ಕಡೆ ಜಾಕಿ ಕಾಕ್ರನ್ ತರಬೇತಿ ಶಾಲೆ ತೆರೆದರು. 1943ರ ಆಗಸ್ಟ್ ಮೊದಲ ವಾರದಲ್ಲಿ ಎರಡನ್ನೂ ಕೂಡಿಸಿ ವಾಸ್ಪ್ ಎಂದು ಹೆಸರಿಟ್ಟರು. ಮೇಬಲ್ ತೀರಿಕೊಂಡಾಗ ಆ ಹೆಸರಿಗೆ ಮೂರು ವಾರವೂ ತುಂಬಿರಲಿಲ್ಲ.

25,000ಕ್ಕೂ ಜಾಸ್ತಿ ಹೆಣ್ಣುಮಕ್ಕಳು ಅರ್ಜಿ ಹಾಕಿದರು. ಅವರಲ್ಲಿ 1,830 ಮಂದಿಯನ್ನು ಆರಿಸಿಕೊಂಡರು. ತರಬೇತಿ ಪೂರೈಸಿ ಹೊರಬಂದವರು 1,074. ಮುಖ್ಯ ಶಾಲೆ ಇದ್ದದ್ದು ಟೆಕ್ಸಸ್‌ನ ಸ್ವೀಟ್‌ವಾಟರ್ ಊರಿನ ಅವೆಂಜರ್ ಫೀಲ್ಡ್‌ನಲ್ಲಿ. ಗಂಡು ಪೈಲಟ್‌ಗಳಿಗೆ ಸೇನೆ ಸೊನ್ನೆಯಿಂದ ಹಾರಾಟ ಕಲಿಸುತ್ತಿತ್ತು. ಇವರು ಮಾತ್ರ ಸ್ವಂತ ಖರ್ಚಿನಲ್ಲಿ ಕಲಿತು, ಲೈಸೆನ್ಸ್ ಹಿಡಿದುಕೊಂಡೇ ಬರಬೇಕಿತ್ತು. ಊಟ, ವಸತಿಗೂ ತಾವೇ ದುಡ್ಡು ಕಟ್ಟಬೇಕಿತ್ತು.

ಮೇಬಲ್ ಕಲಾಮಝೂ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವರು. ಅಲ್ಲಿನ ಕಾಲೇಜಿನಲ್ಲಿ ಓದಿ, ಕೆಲಸ ಮಾಡುತ್ತಲೇ ವಿಮಾನ ಹಾರಿಸುವುದು ಕಲಿತರು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿದ್ದ ಹುಡುಗಿ ರಜೆ ಸಿಕ್ಕಾಗ ಆಕಾಶದಲ್ಲಿ. ಅದನ್ನು ನೆನೆದರೆ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ.

ಶತ್ರು ಇಲ್ಲದ ಕಡೆ ಸಾವು ಹೇಗೆ ಬಂತು

ವಾಸ್ಪ್ ಪೈಲಟ್‌ಗಳು ಯುದ್ಧರಂಗಕ್ಕೆ ಹೋಗಲಿಲ್ಲ. ಎಲ್ಲ ಕೆಲಸ ಅಮೆರಿಕದ ಒಳಗೇ. ಆದರೂ 38 ಮಂದಿ ಸತ್ತರು. 11 ಮಂದಿ ಶಾಲೆಯ ತರಬೇತಿಯಲ್ಲಿ, 27 ಮಂದಿ ಕರ್ತವ್ಯಕ್ಕೆ ಸೇರಿದ ಮೇಲೆ.

ಇದನ್ನು ಕೇಳಿದ ಕೂಡಲೇ ಹೆಂಗಸರಿಗೆ ಹಾರಿಸಲು ಬರುತ್ತಿರಲಿಲ್ಲವೇನೋ ಅನ್ನಿಸಬಹುದು. ಆ ಕಾಲದಲ್ಲೂ ಹಾಗೆ ಹೇಳಿದವರಿದ್ದರು. ಅದು ತಪ್ಪು. ಆ ಯುದ್ಧದ ವರ್ಷಗಳಲ್ಲಿ ಅಮೆರಿಕದ ನೆಲದ ಮೇಲೇ, ಒಂದು ಗುಂಡೂ ಹಾರದ ಕಡೆ, ವಿಮಾನ ಅಪಘಾತಗಳಲ್ಲಿ ಸುಮಾರು 15,000 ಜನ ವಾಯುಪಡೆಯವರು ಸತ್ತರು. ಹೊಸ ವಿಮಾನ, ಹೊಸ ಪೈಲಟ್, ಅವಸರದ ತರಬೇತಿ, ಕೆಟ್ಟ ಹವಾಮಾನ. ಯಾರು ಹಾರಿಸಿದರೂ ಅಪಾಯ ಒಂದೇ ಆಗಿತ್ತು. ಇದೇ ಕೆಲಸ ಮಾಡುತ್ತಿದ್ದ ಗಂಡಸರಿಗೆ ಹೋಲಿಸಿದರೆ ಇವರ ಅಪಘಾತದ ಲೆಕ್ಕ ಹೆಚ್ಚೇನೂ ಇರಲಿಲ್ಲ.

ಕ್ಯಾಂಪ್ ಡೇವಿಸ್ ಮಾತ್ರ ಬೇರೆ ಥರದ ಜಾಗ. ವಿಮಾನ ಹೊಡೆದುರುಳಿಸುವ ಫಿರಂಗಿಗಳನ್ನು ನಡೆಸಲು ಸೈನಿಕರಿಗೆ ಅಲ್ಲಿ ಕಲಿಸುತ್ತಿದ್ದರು. ಗುರಿ ಅಭ್ಯಾಸಕ್ಕೆ ಆಕಾಶದಲ್ಲಿ ಓಡುವ ಗುರಿ ಬೇಕಲ್ವಾ? ವಿಮಾನದ ಬಾಲಕ್ಕೆ ಉದ್ದನೆಯ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ಚೀಲ. ಅದನ್ನು ಎಳೆದುಕೊಂಡು ಪೈಲಟ್ ಹೋಗುತ್ತಿದ್ದರೆ ಕೆಳಗಿನಿಂದ ಹೊಸ ಹುಡುಗರು ನಿಜವಾದ ಗುಂಡನ್ನೇ ಹಾರಿಸುತ್ತಿದ್ದರು. ರಾತ್ರಿಯಾದರೆ ಸರ್ಚ್‌ಲೈಟ್ ಹುಡುಗರ ಅಭ್ಯಾಸಕ್ಕಾಗಿ ಹಾರಬೇಕಿತ್ತು. ಕಣ್ಣಿಗೆ ಬೆಳಕು ರಾಚಿದರೆ ವಿಮಾನದೊಳಗಿನ ಮೀಟರುಗಳೂ ಕಾಣುತ್ತಿರಲಿಲ್ಲ. ಅದಕ್ಕೇ ಮೇಬಲ್ ಮತ್ತು ಗೆಳತಿಯರಿಗೆ ರಾತ್ರಿ ಹಾರಾಟದ ತರಬೇತಿ ಬೇಕಾಗಿತ್ತು.

ಅಲ್ಲಿದ್ದ ಎ-24 ಎಂಬ ಬಾಂಬರ್ ವಿಮಾನಗಳು ದುಡಿದು ಸವೆದವು. ಒಳ್ಳೆಯ ವಿಮಾನ, ಹೊಸ ಬಿಡಿಭಾಗ, ಅನುಭವಿ ಮೆಕ್ಯಾನಿಕ್, ಎಲ್ಲಾ ಯುದ್ಧರಂಗಕ್ಕೆ ಹೋಗುತ್ತಿತ್ತು. ಅಮೆರಿಕದ ವಿಮಾನಗಳು ಆಗ ಜಗತ್ತಿನ ತುಂಬ ಹರಡಿದ್ದವು. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ 1943ರಿಂದ ಅಮೆರಿಕದ ವಾಯುಪಡೆಗಾಗಿ ವಿಮಾನ ರಿಪೇರಿ ಮಾಡುತ್ತಿತ್ತು. ಅಷ್ಟು ದೂರಕ್ಕೆ ಸಾಮಾನು ಹೋಗಬೇಕಾದಾಗ, ಊರೊಳಗಿನ ತರಬೇತಿ ನೆಲೆಗೆ ಉಳಿದದ್ದೇ ಪಾಲು.

ಪೈಲಟ್ ವಿಮಾನ ಹತ್ತುವ ಮುಂಚೆ ನೋಡುವ ಒಂದು ಫಾರ್ಮ್ ಇರುತ್ತದೆ. ಹಿಂದೆ ಹಾರಿಸಿದವರು ಏನು ಕೆಟ್ಟಿದೆ ಅಂತ ಅದರಲ್ಲಿ ಬರೆದಿಡುತ್ತಾರೆ. ಕ್ಯಾಂಪ್ ಡೇವಿಸ್‌ನಲ್ಲಿ ದೂರು ಬರೆಯುತ್ತಿದ್ದರು, ವಿಮಾನಗಳು ಹಾರುತ್ತಲೇ ಇದ್ದವು. ಅಪಘಾತ ಎಂಬ ಮಾತನ್ನು ನಾವು ಹಣೆಬರಹದ ಹಾಗೆ ಬಳಸುತ್ತೇವೆ. ಇಲ್ಲಿ ಹಣೆಬರಹಕ್ಕಿಂತ ಮುಂಚೆ ಕೈಬರಹ ಇತ್ತು. ಯಾರೋ ಓದಬೇಕಿತ್ತು.

ಸರಿಯಾಗಿ ಒಂದು ತಿಂಗಳಿಗೆ, ಸೆಪ್ಟೆಂಬರ್ 23ರಂದು, ಅದೇ ನೆಲೆಯಲ್ಲಿ ಬೆಟ್ಟಿ ಟೇಲರ್ ವುಡ್ ಎಂಬ ಇನ್ನೊಬ್ಬ ಪೈಲಟ್ ಸತ್ತರು. ಮೇಬಲ್ ಅವರ ಹಾಗೆ ಅವರು ಹಾರಿಸುತ್ತಿದ್ದದ್ದೂ ಎ-24.

ಇಬ್ಬರು ಲೈನ್‌ಮನ್

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸೇನೆಯವರಲ್ಲ ಅಂದರೇನು?

ನಮಗೆ ಗೊತ್ತಿರುವ ಉದಾಹರಣೆಯಿಂದ ಹೇಳುತ್ತೇನೆ. ಮಳೆಗಾಲದ ರಾತ್ರಿ ಕರೆಂಟ್ ಹೋಗಿದೆ. ಇಬ್ಬರು ಲೈನ್‌ಮನ್ ಕಂಬದ ಹತ್ತಿರ ಬಂದಿದ್ದಾರೆ. ಒಬ್ಬರು ಕಾಯಂ ನೌಕರ, ಇನ್ನೊಬ್ಬರು ಹೊರಗುತ್ತಿಗೆಯವರು. ಕಂಬ ಒಂದೇ, ತಂತಿ ಒಂದೇ, ತಂತಿಯಲ್ಲಿ ಹರಿಯುವ ಕರೆಂಟೂ ಒಂದೇ. ಅನಾಹುತ ಆದರೆ ಮಾತ್ರ ಎರಡು ಮನೆಗೆ ಎರಡು ಥರದ ಉತ್ತರ. ಒಂದು ಮನೆಗೆ ಇಲಾಖೆಯವರು ಬರುತ್ತಾರೆ. ಇನ್ನೊಂದು ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಸತ್ತವರು ಮಾಡುತ್ತಿದ್ದ ಕೆಲಸ ಏನು ಅಂತ ಯಾರೂ ಕೇಳುವುದಿಲ್ಲ. ಯಾವ ರಿಜಿಸ್ಟರ್‌ನಲ್ಲಿ ಹೆಸರಿದೆ ಅಂತಲೇ ಎಲ್ಲರೂ ಕೇಳುತ್ತಾರೆ.

ವಾಸ್ಪ್ ಪೈಲಟ್‌ಗಳ ಹೆಸರು ಇದ್ದದ್ದು ಸಿವಿಲ್ ನೌಕರರ ರಿಜಿಸ್ಟರ್‌ನಲ್ಲಿ. ಕಚೇರಿಯ ಗುಮಾಸ್ತರಂತೆ ಅವರನ್ನೂ ನೇಮಿಸಿಕೊಂಡಿದ್ದರು. ಸಂಬಳ ತಿಂಗಳಿಗೆ 250 ಡಾಲರ್. ಸೈನಿಕನಿಗೆ ಸಿಗುತ್ತಿದ್ದ 10,000 ಡಾಲರ್‌ವರೆಗಿನ ಸರ್ಕಾರಿ ಜೀವವಿಮೆ ಇವರಿಗಿಲ್ಲ. ಪಿಂಚಣಿ ಇಲ್ಲ. ಸೇನಾ ಗೌರವದ ಅಂತ್ಯಕ್ರಿಯೆ ಇಲ್ಲ. ಪೆಟ್ಟಿಗೆಯ ಮೇಲೆ ಧ್ವಜ ಇಲ್ಲ. ಆ ಕಾಲದಲ್ಲಿ ಯುದ್ಧಕ್ಕೆ ಮಗನನ್ನು ಕಳಿಸಿದ ಮನೆಯವರು ಕಿಟಕಿಗೆ ನೀಲಿ ನಕ್ಷತ್ರದ ಬಟ್ಟೆ ತೂಗು ಹಾಕುತ್ತಿದ್ದರು. ಮಗ ಸತ್ತರೆ ಅದು ಚಿನ್ನದ ಬಣ್ಣಕ್ಕೆ ಬದಲಾಗುತ್ತಿತ್ತು. ಬೀದಿಯಲ್ಲಿ ಹೋಗುವವರಿಗೆ ಆ ಮನೆಯ ನೋವು ಗೊತ್ತಾಗುತ್ತಿತ್ತು. ವಾಸ್ಪ್ ಮಗಳನ್ನು ಕಳೆದುಕೊಂಡವರಿಗೆ ಆ ನಕ್ಷತ್ರದ ಹಕ್ಕೂ ಇರಲಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ಸತ್ತದ್ದು ಅಪಘಾತದಲ್ಲಿ, ಶತ್ರುವಿನ ಗುಂಡಿಗಲ್ಲ ಎಂಬುದು ಇದಕ್ಕೆ ಕಾರಣವಲ್ಲ. ಆ 15,000 ಮಂದಿಯೂ ಅಪಘಾತದಲ್ಲೇ ಸತ್ತವರು. ಕರ್ತವ್ಯದಲ್ಲಿದ್ದಾಗ ಸತ್ತ ಸೈನಿಕ ಎಂದೇ ಅವರನ್ನು ಗೌರವದಿಂದ ಕಳಿಸಿಕೊಟ್ಟರು. ಮೇಬಲ್ ಅವರ ಹಿಂದಿನ ಸೀಟಿನಲ್ಲಿ ಅವತ್ತು ಇದ್ದ ತರಬೇತುದಾರ ಸತ್ತಿದ್ದರೆ ಅವರಿಗೂ ಧ್ವಜ ಸಿಗುತ್ತಿತ್ತು. ಒಂದೇ ವಿಮಾನ, ಎರಡು ಸೀಟು, ಎರಡು ಕಾನೂನು.

ಯಾಕೆ ಹೀಗೆ ಮಾಡಿದರು? ಯಾರೋ ಕೂತು ಕೆಟ್ಟ ಮನಸ್ಸಿನಿಂದ ಮಾಡಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಹೆಣ್ಣುಮಕ್ಕಳನ್ನು ಸೇನಾ ಪೈಲಟ್ ಮಾಡಬೇಕಾದರೆ ಅಮೆರಿಕದ ಸಂಸತ್ತು ಕಾನೂನು ಮಾಡಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಸಿವಿಲ್ ನೌಕರರಾಗಿ ನೇಮಿಸಿಕೊಂಡರೆ ನಾಳೆಯೇ ಕೆಲಸ ಶುರು. ಮೊದಲು ಪ್ರಯೋಗ ಮಾಡಿ ತೋರಿಸೋಣ, ಸೇನೆಗೆ ಸೇರಿಸುವುದು ಆಮೇಲೆ ಎಂದು ವಾಯುಪಡೆಯ ಮುಖ್ಯಸ್ಥ ಹ್ಯಾಪ್ ಅರ್ನಾಲ್ಡ್ ಮತ್ತು ವಾಸ್ಪ್ ಮುಖ್ಯಸ್ಥೆ ಕಾಕ್ರನ್ ನಡೆದರು. ಸೇನೆಯಲ್ಲಿ ಹೆಣ್ಣುಮಕ್ಕಳದ್ದೇ ಒಂದು ದಳ ಆಗ ಇತ್ತು. ಅದರ ಹೆಸರು ವ್ಯಾಕ್. 1943ರ ಜುಲೈನಲ್ಲಿ ಅದಕ್ಕೆ ಪೂರ್ತಿ ಸೇನಾ ಸ್ಥಾನವೂ ಸಿಕ್ಕಿತು. ಅದರೊಳಗೆ ಸೇರಿಬಿಡಿ ಎಂಬ ಮಾತು ಬಂತು. ಕಾಕ್ರನ್ ಒಪ್ಪಲಿಲ್ಲ. ಆ ದಳದ ಕಾನೂನಿನಲ್ಲಿ ಪೈಲಟ್ ಕೆಲಸದ ಮಾತೇ ಇಲ್ಲ, ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಅಲ್ಲಿ ಜಾಗ ಇಲ್ಲ, ನಮ್ಮ ಪೈಲಟ್‌ಗಳಲ್ಲಿ ತಾಯಂದಿರೂ ಇದ್ದಾರೆ ಎಂಬುದು ಅವರ ವಾದ. ಬೇರೆಯವರ ಕೈಕೆಳಗೆ ಹೋಗಲು ಅವರಿಗೆ ಇಷ್ಟವಿರಲಿಲ್ಲ ಎಂಬುದೂ ನಿಜ. ಅವರ ವಾದದಲ್ಲಿ ಹುರುಳಿತ್ತು. ಆದರೆ ಆ ಹಟದ ಬೆಲೆ ಸತ್ತವರ ಮನೆಗಳ ಮೇಲೆ ಬಿತ್ತು ಎಂಬುದನ್ನೂ ಹೇಳಲೇಬೇಕು.

ಆಮೇಲೆ ನೋಡೋಣ. ವಿಮಾನದ ದೂರುಗಳಿಗೂ ಕಾನೂನಿನ ವಿಷಯಕ್ಕೂ ಅದೇ ಉತ್ತರ. ನನಗೆ ಈ ಕಥೆಯಲ್ಲಿ ಹೆಚ್ಚು ನೋವು ಕೊಡುವುದು ಇದೇ. ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಮುಂದೂಡಿದರು.

ಒಂದೇ ಮನೆಯ ಇಬ್ಬರು

ರಿಜಿಸ್ಟರ್ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂದು ತಿಳಿಯಲು ಇನ್ನೊಂದು ಮನೆಯ ಕಥೆ ಕೇಳಿ. ಹೇಝಲ್ ಯಿಂಗ್ ಲೀ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಹುಟ್ಟಿದ ಚೀನೀ ಮೂಲದ ಹೆಣ್ಣುಮಗಳು. ಅಮೆರಿಕದ ಸೇನೆಗಾಗಿ ವಿಮಾನ ಹಾರಿಸಿದ ಮೊದಲ ಚೀನೀ ಅಮೆರಿಕನ್ ಮಹಿಳೆ. 1944ರ ನವೆಂಬರ್ 23. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮೊಂಟಾನಾದ ಗ್ರೇಟ್ ಫಾಲ್ಸ್ ನೆಲೆಗೆ ಪಿ-63 ಯುದ್ಧವಿಮಾನಗಳು ಸಾಲುಸಾಲಾಗಿ ಬಂದು ಇಳಿಯುತ್ತಿದ್ದವು. ಇನ್ನೊಂದು ವಿಮಾನದ ರೇಡಿಯೋ ಕೆಟ್ಟಿತ್ತು. ಇಳಿಯುವ ಗದ್ದಲದಲ್ಲಿ ಎರಡೂ ಒಂದರ ಮೇಲೊಂದು ಬಂದು ಡಿಕ್ಕಿಯಾದವು. ಸುಟ್ಟ ಗಾಯಗಳಿಂದ ಹೇಝಲ್ ಎರಡು ದಿನ ನರಳಿ ತೀರಿಕೊಂಡರು. ವಯಸ್ಸು 32.

ಮೂರು ದಿನ ಕಳೆಯುವಷ್ಟರಲ್ಲಿ ಅದೇ ಮನೆಗೆ ಇನ್ನೊಂದು ತಂತಿ ಬಂತು. ಸೇನೆಯ ಟ್ಯಾಂಕ್ ದಳದಲ್ಲಿದ್ದ ಸಹೋದರ ವಿಕ್ಟರ್ ಫ್ರಾನ್ಸ್‌ನಲ್ಲಿ ಹೋರಾಡುತ್ತಾ ಸತ್ತಿದ್ದರು.

ಆ ತಾಯಿಯ ಮಡಿಲಿಂದ ಒಂದೇ ವಾರದಲ್ಲಿ ಎರಡು ಜೀವ ಹೋದವು. ಕಾನೂನಿನ ಕಣ್ಣಲ್ಲಿ ಮಗ ಸೈನಿಕ, ಮಗಳು ಸಿವಿಲ್ ನೌಕರೆ. ಸಾಲದೆಂಬಂತೆ, ಮನೆಯವರು ಆರಿಸಿದ ಜಾಗದಲ್ಲಿ ಹೂಳಲು ಸ್ಮಶಾನದವರು ಒಪ್ಪಲಿಲ್ಲ. ಅದು ಬಿಳಿಯರ ಭಾಗ, ಏಷ್ಯಾದವರಿಗಿಲ್ಲ ಎಂದರು. ಮನೆಯವರು ಬಿಡಲಿಲ್ಲ, ಕೊನೆಗೂ ಗೆದ್ದರು. ಅಕ್ಕಪಕ್ಕದಲ್ಲೇ ಇಬ್ಬರನ್ನೂ ಮಣ್ಣು ಮಾಡಿದರು. ಈ ಕಡೆ ಕಾನೂನು ಇಬ್ಬರನ್ನೂ ಬೇರೆ ಮಾಡಿತ್ತು. ಆ ಕಡೆ ಜನಾಂಗದ ಹೆಸರಲ್ಲಿ ಸೈನಿಕನನ್ನೂ ದೂರ ಇಡಲು ನೋಡಿದರು. ಎರಡೂ ಅಡ್ಡಗೋಡೆ ಒಂದೇ ಮನೆಯ ಮುಂದೆ.

ಹೇಝಲ್‌ಗಿಂತ ಒಂದು ವರ್ಷ ಎಂಟು ತಿಂಗಳು ಮುಂಚೆ, 1943ರ ಮಾರ್ಚ್ 21ರಂದು, ಕಾರ್ನೀಲಿಯಾ ಫೋರ್ಟ್ ಸತ್ತಿದ್ದರು. ಕರ್ತವ್ಯದ ಮೇಲೆ ಜೀವ ಬಿಟ್ಟ ಅಮೆರಿಕದ ಮೊದಲ ಮಹಿಳಾ ಪೈಲಟ್ ಅವರು. ವಯಸ್ಸು ಬರೀ 24. ಪರ್ಲ್ ಹಾರ್ಬರ್ ದಾಳಿಯ ಬೆಳಿಗ್ಗೆ ಅವರು ಅಲ್ಲೇ ಆಕಾಶದಲ್ಲಿದ್ದರು, ಒಬ್ಬ ವಿದ್ಯಾರ್ಥಿಗೆ ಹಾರಾಟ ಕಲಿಸುತ್ತಿದ್ದರು. ಎದುರಿಗೆ ಜಪಾನಿನ ವಿಮಾನ ನುಗ್ಗಿ ಬಂದಾಗ ವಿದ್ಯಾರ್ಥಿಯ ಕೈಯಿಂದ ಹಿಡಿತ ಕಿತ್ತುಕೊಂಡು ತಪ್ಪಿಸಿ, ವಿಮಾನ ಇಳಿಸಿ ಇಬ್ಬರ ಜೀವ ಉಳಿಸಿದರು. ಅಂಥವರು ಟೆಕ್ಸಸ್‌ನ ಮರ್ಕೆಲ್ ಎಂಬ ಊರಿನ ಹತ್ತಿರ ಹೋದರು. ಪಕ್ಕದಲ್ಲಿ ಹಾರುತ್ತಿದ್ದ ಗಂಡು ಪೈಲಟ್‌ನ ವಿಮಾನದ ಚಕ್ರದ ಭಾಗ ಅವರ ರೆಕ್ಕೆಗೆ ಬಡಿಯಿತು. ನ್ಯಾಶ್‌ವಿಲ್‌ನಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ, ದೇಶದ ಸೇವೆಯಲ್ಲಿ ಮಡಿದವರು ಎಂಬ ಅರ್ಥದ ಸಾಲು ಕೆತ್ತಿದ್ದಾರೆ. ಸರ್ಕಾರದ ಕಾಗದದಲ್ಲಿ ಇಲ್ಲದ ಮಾತು ಕಲ್ಲಿನ ಮೇಲೆ ಬಂತು.

ಕಲಾಮಝೂ ಊರಿನಲ್ಲೂ ಹಾಗೇ ಆಯಿತು. ಹೊದಿಸುವಂತಿಲ್ಲ ಎಂದಿದ್ದ ಧ್ವಜವನ್ನು ಮೇಬಲ್ ಮನೆಯವರು ಹೊದಿಸಿಯೇ ಬಿಟ್ಟರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

19 ಮತ

ಆಮೇಲೆ ನೋಡೋಣ ಅಂದಿದ್ದ ಕಾಲ 1944ರಲ್ಲಿ ಬಂತು. ವಾಸ್ಪ್ ಪಡೆಯನ್ನು ಸೇನೆಗೆ ಸೇರಿಸುವ ಮಸೂದೆ ಸಂಸತ್ತಿನ ಮುಂದೆ ಬಂತು. ಅರ್ನಾಲ್ಡ್ ಸ್ವತಃ ಅದರ ಪರವಾಗಿ ನಿಂತರು. ಆದರೆ ಹೊತ್ತು ಮೀರಿತ್ತು. ಅಷ್ಟರಲ್ಲಿ ಯುದ್ಧದ ಗಾಳಿ ಅಮೆರಿಕದ ಕಡೆ ತಿರುಗಿತ್ತು, ಪೈಲಟ್‌ಗಳ ಕೊರತೆ ನೀಗಿತ್ತು. ಗಂಡಸರಿಗೆ ಹಾರಾಟ ಕಲಿಸುತ್ತಿದ್ದ ಸಿವಿಲ್ ಶಾಲೆಗಳು ಮುಚ್ಚತೊಡಗಿದವು. ಅಲ್ಲಿನ ತರಬೇತುದಾರರಿಗೆ ಕಡ್ಡಾಯ ಸೇನಾ ಸೇವೆಯಿಂದ ಸಿಕ್ಕಿದ್ದ ವಿನಾಯಿತಿ ಹೋಯಿತು. ಇನ್ನು ಬಂದೂಕು ಹಿಡಿದು ಕಾಲಾಳಾಗಿ ಹೋಗಬೇಕು. ನಮ್ಮ ಕೆಲಸ ಹೆಂಗಸರಿಗೆ ಯಾಕೆ ಎಂದು ಅವರು ಸಂಸದರ ಬಾಗಿಲು ತಟ್ಟಿದರು. ಪತ್ರಿಕೆಗಳೂ ಅವರ ಜೊತೆ ಸೇರಿಕೊಂಡವು. ಸಂಸತ್ತಿನ ಒಂದು ಸಮಿತಿ ಈ ಪಡೆಯೇ ಬೇಕಿಲ್ಲ ಎಂದು ವರದಿ ಕೊಟ್ಟಿತು.

1944ರ ಜೂನ್ 21ರಂದು ಮತ ಹಾಕಿದರು. ಮಸೂದೆಯ ವಿರುದ್ಧ 188, ಪರವಾಗಿ 169. ಹತ್ತೊಂಬತ್ತು ಮತದಲ್ಲಿ ಸೋತಿತು.

ಸೋತ ಮೇಲೂ ಅವರು ಆರು ತಿಂಗಳು ಹಾರಿದರು, ಸತ್ತರು ಕೂಡ. ಹೇಝಲ್ ಸತ್ತದ್ದು ಈ ಮತದಾನ ಆಗಿ ಐದು ತಿಂಗಳಿಗೆ, ಪಡೆಯನ್ನು ಮುಚ್ಚಲು ಒಂದು ತಿಂಗಳೂ ಇಲ್ಲದಾಗ. ಡಿಸೆಂಬರ್ 20ಕ್ಕೆ ವಾಸ್ಪ್ ಮುಚ್ಚಿತು. ಅಷ್ಟು ಹೊತ್ತಿಗೆ ಅವರು 6 ಕೋಟಿ ಮೈಲಿ ಹಾರಿದ್ದರು. ಮನೆಗೆ ಹೋಗುವ ಟಿಕೆಟ್‌ಗೂ ತಾವೇ ದುಡ್ಡು ಕೊಟ್ಟರು.

ಆಮೇಲೆ ಅವರ ದಾಖಲೆಗಳನ್ನು ಗೋಪ್ಯ ಎಂದು ಗುರುತು ಹಾಕಿ ಕಪಾಟಿಗೆ ಸೇರಿಸಿದರು. ಇದರ ಪರಿಣಾಮ ದೊಡ್ಡದು. ಯುದ್ಧದ ಇತಿಹಾಸ ಬರೆದವರಿಗೆ ಆ ಕಾಗದಗಳು ಸಿಗಲಿಲ್ಲ. ಪುಸ್ತಕಗಳಲ್ಲಿ ವಾಸ್ಪ್ ಬರಲಿಲ್ಲ. ಒಂದು ತಲೆಮಾರು ಬೆಳೆದು ದೊಡ್ಡದಾಯಿತು, ಅವರಿಗೆ ಇಂಥವರು ಇದ್ದರೆಂದೇ ಗೊತ್ತಿರಲಿಲ್ಲ.

ಒಂದು ಕಾಗದ ಬಾಗಿಲು ತೆರೆಯಿತು

ಎಪ್ಪತ್ತರ ದಶಕದ ಮಧ್ಯದಲ್ಲಿ ಅಮೆರಿಕದ ವಾಯುಪಡೆ ಹೆಣ್ಣುಮಕ್ಕಳಿಗೆ ಪೈಲಟ್ ತರಬೇತಿ ಕೊಡುವುದಾಗಿ ಹೇಳಿತು. ಸೇನೆಯ ವಿಮಾನ ಹಾರಿಸುವ ಮೊದಲ ಮಹಿಳೆಯರು ಇವರೇ ಎಂದು ಸುದ್ದಿಯಾಯಿತು. ಅಷ್ಟು ಹೊತ್ತಿಗೆ ಐವತ್ತು ಅರವತ್ತು ವರ್ಷ ತುಂಬಿದ್ದ ವಾಸ್ಪ್‌ಗಳಿಗೆ ತಡೆಯಲಾಗಲಿಲ್ಲ. ನಾವು ಯಾರು ಹಾಗಾದರೆ? ನಮ್ಮ 38 ಗೆಳತಿಯರು ಯಾರು?

ಅವರು ಒಟ್ಟುಗೂಡಿದರು. ಅರ್ನಾಲ್ಡ್ ಅವರ ಮಗ ಬ್ರೂಸ್ ಅರ್ನಾಲ್ಡ್, ಅಪ್ಪನಿಗೆ ಮಾಡಲಾಗದೆ ಉಳಿದ ಕೆಲಸವನ್ನು ಕೈಗೆತ್ತಿಕೊಂಡರು. ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಯುದ್ಧಕಾಲದಲ್ಲಿ ವಿಮಾನ ಸಾಗಿಸಿದ್ದವರು, ಈ ಮಹಿಳೆಯರ ಕೆಲಸವನ್ನು ಕಣ್ಣಾರೆ ಕಂಡವರು. ಅವರೂ ಬೆಂಬಲಕ್ಕೆ ನಿಂತರು. ವಿರೋಧ ಬಂದದ್ದು ಮಾಜಿ ಸೈನಿಕರ ದೊಡ್ಡ ಸಂಘಟನೆಗಳಿಂದ. ಇವರಿಗೆ ಮಾಜಿ ಸೈನಿಕರ ಸ್ಥಾನ ಕೊಟ್ಟರೆ ಯುದ್ಧದಲ್ಲಿ ದುಡಿದ ಬೇರೆ ಸಿವಿಲ್ ನೌಕರರೂ ಕೇಳುತ್ತಾರೆ, ಮಾಜಿ ಸೈನಿಕ ಎಂಬ ಮಾತಿಗೆ ಬೆಲೆ ಉಳಿಯುವುದಿಲ್ಲ ಎಂಬುದು ಅವರ ಆತಂಕ.

ಆಗ ಸಿಕ್ಕಿತು ಒಂದು ಹಳೆಯ ಕಾಗದ. ಪಡೆ ಮುಚ್ಚುವಾಗ ಒಬ್ಬ ನೆಲೆಯ ಅಧಿಕಾರಿ ತನ್ನ ಕೈಕೆಳಗಿದ್ದ ವಾಸ್ಪ್ ಪೈಲಟ್‌ಗೆ, ಸೈನಿಕರಿಗೆ ಕೊಡುವಂಥದ್ದೇ ಗೌರವದ ಬಿಡುಗಡೆ ಪತ್ರ ಕೊಟ್ಟಿದ್ದ. ಇವರು ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದ್ದಾರೆ ಎಂದು ಅದರಲ್ಲಿತ್ತು. ಗಂಡು ಸೈನಿಕರ ಪತ್ರದ ಜೊತೆ ಹೋಲಿಸಿದರು. ವ್ಯತ್ಯಾಸ ಇರಲಿಲ್ಲ. ಬದುಕಿನುದ್ದಕ್ಕೂ ಒಂದು ಕಾಗದದ ಕಾರಣಕ್ಕೆ ಹೊರಗೆ ನಿಂತವರಿಗೆ ಇನ್ನೊಂದು ಕಾಗದವೇ ನೆರವಿಗೆ ಬಂತು. ಆ ಅಧಿಕಾರಿಯನ್ನು ನಾನು ಆಗಾಗ ನೆನೆಯುತ್ತೇನೆ. ನಿಯಮ ಏನೇ ಇರಲಿ, ತನ್ನ ಕಣ್ಣಿಗೆ ಕಂಡದ್ದನ್ನು ಬರೆದುಕೊಟ್ಟ.

1977ರ ನವೆಂಬರ್ 23ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ಸ್ಥಾನ ಕೊಡುವ ಕಾನೂನಿಗೆ ಸಹಿ ಹಾಕಿದರು. ಮೇಬಲ್ ಸತ್ತು 34 ವರ್ಷ ಕಳೆದಿತ್ತು. ಹೇಝಲ್ ಅವರ ಅಪಘಾತವೂ ಅದೇ ನವೆಂಬರ್ 23. 2010ರ ಮಾರ್ಚ್ 10ರಂದು ಸಂಸತ್ತಿನ ಚಿನ್ನದ ಪದಕ ಕೊಟ್ಟರು. ಆಗ ಬದುಕಿ ಉಳಿದಿದ್ದವರು ಮುನ್ನೂರಕ್ಕೂ ಕಡಿಮೆ.

ಕಪಾಟಿನಲ್ಲಿ ಕಾದ ಬೂದಿ

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇನ್ನೊಂದು ಸಣ್ಣ ಸಾಲಿನ ತೊಡಕು ಇತ್ತು. ಅದನ್ನೂ ಬಿಡಿಸಿ ಹೇಳಬೇಕು.

1977ರ ಕಾನೂನು ವಾಸ್ಪ್ ಸೇವೆಯನ್ನು ಸೇನಾ ಸೇವೆ ಎಂದು ಒಪ್ಪಿತು. ಆದರೆ ಹೇಗೆ? ಮಾಜಿ ಸೈನಿಕರ ಇಲಾಖೆ ನೋಡಿಕೊಳ್ಳುವ ಕಾನೂನುಗಳ ಮಟ್ಟಿಗೆ ಮಾತ್ರ. ಆಸ್ಪತ್ರೆ, ಸೌಲಭ್ಯ, ಆ ಇಲಾಖೆಯ ಸ್ಮಶಾನಗಳು, ಎಲ್ಲ ಅದರೊಳಗೆ ಬಂದವು. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನ ಮಾತ್ರ ಬರಲಿಲ್ಲ. ಅದು ಆ ದೇಶದಲ್ಲಿ ಸೈನಿಕರಿಗೆ ಸಿಗುವ ಅತಿ ದೊಡ್ಡ ಗೌರವದ ಜಾಗ, ಅದನ್ನು ನಡೆಸುವುದು ಸೇನೆ. ಬೇರೆ ಇಲಾಖೆ, ಬೇರೆ ನಿಯಮ. 2002ರಿಂದ ವಾಸ್ಪ್‌ಗಳ ಬೂದಿಯನ್ನು ಅಲ್ಲಿ ಇಡಲು ಸೇನೆ ಬಿಡುತ್ತಿತ್ತು. 2015ರಲ್ಲಿ, ಹಾಗೆ ಬಿಡುವ ಅಧಿಕಾರವೇ ನಮಗಿರಲಿಲ್ಲ ಎಂದು ಹೇಳಿ ಬಾಗಿಲು ಮುಚ್ಚಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಎಲೇನ್ ಹಾರ್ಮನ್ ಎಂಬ ವಾಸ್ಪ್ ತಮ್ಮ 95ನೇ ವಯಸ್ಸಿನಲ್ಲಿ ತೀರಿಕೊಂಡರು. ಎಪ್ಪತ್ತರ ದಶಕದ ಹೋರಾಟದಲ್ಲೂ ಇದ್ದವರು. ನನ್ನನ್ನು ಆರ್ಲಿಂಗ್ಟನ್‌ನಲ್ಲೇ ಇಡಿ ಎಂದು ಕೈಯಾರೆ ಪತ್ರ ಬರೆದಿಟ್ಟಿದ್ದರು. ಸೇನೆ ಆಗುವುದಿಲ್ಲ ಎಂದಿತು. ಮನೆಯವರು ಬೂದಿಯನ್ನು ಬೇರೆಲ್ಲೂ ಇಡಲಿಲ್ಲ. ಮನೆಯ ಬಟ್ಟೆ ಕಪಾಟಿನಲ್ಲಿ ಇಟ್ಟುಕೊಂಡು ಕಾದರು. ಮೊಮ್ಮಕ್ಕಳು ಸಹಿ ಸಂಗ್ರಹಿಸಿದರು, ಸಂಸದರನ್ನು ಕಂಡರು. ಸ್ವತಃ ಯುದ್ಧವಿಮಾನದ ಪೈಲಟ್ ಆಗಿದ್ದ ಸಂಸದೆ ಮಾರ್ಥಾ ಮೆಕ್‌ಸ್ಯಾಲಿ ಮಸೂದೆ ತಂದರು. ಈ ಸಲ ತಡವಾಗಲಿಲ್ಲ. 2016ರ ಮೇ ತಿಂಗಳಲ್ಲಿ ಕಾನೂನಾಯಿತು. ಸೆಪ್ಟೆಂಬರ್ 7ರಂದು ಸೇನಾ ಗೌರವದೊಂದಿಗೆ ಎಲೇನ್ ಅವರ ಬೂದಿ ಆರ್ಲಿಂಗ್ಟನ್ ಸೇರಿತು.

38 ಮಂದಿಯಲ್ಲಿ ಒಬ್ಬರ ಮನೆಯವರಿಗೆ ಈ ಯಾವ ಪ್ರಶ್ನೆಯೂ ಎದುರಾಗಲೇ ಇಲ್ಲ. ಗರ್ಟ್ರೂಡ್ ಟಾಂಪ್ಕಿನ್ಸ್ 1944ರ ಅಕ್ಟೋಬರ್ 26ರಂದು ಲಾಸ್ ಏಂಜಲೀಸ್‌ನ ನೆಲೆಯಿಂದ ಹೊಚ್ಚ ಹೊಸ ಮಸ್ಟಾಂಗ್ ವಿಮಾನದಲ್ಲಿ ಹೊರಟರು. ಮದುವೆಯಾಗಿ ಸ್ವಲ್ಪವೇ ದಿನವಾಗಿತ್ತು. ಮುಂದಿನ ನಿಲ್ದಾಣ ತಲುಪಲಿಲ್ಲ. ಕಾಗದಪತ್ರದ ಎಡವಟ್ಟಿನಿಂದ, ಅವರು ತಲುಪಿಲ್ಲ ಎಂದು ಗೊತ್ತಾಗುವುದೇ ತಡವಾಯಿತು. ಹುಡುಕಾಟ ಶುರುವಾದದ್ದು ಮೂರು ದಿನದ ಮೇಲೆ. ಆ ಊರಿನ ಸಾಂತಾ ಮೋನಿಕಾ ಕೊಲ್ಲಿಯ ತಳದಲ್ಲಿ ಮುಳುಗುಗಾರರು ಈ ಶತಮಾನದಲ್ಲೂ ಹುಡುಕಿದ್ದಾರೆ. ವಿಮಾನ ಸಿಕ್ಕಿಲ್ಲ.